ನೇರಪ್ರಸಾರದ ಅಜ್ಞಾತ ಸೂತ್ರಧಾರ
ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ, ನವೆಂಬರಿನ ಚಳಿಯೊಳಗೆ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕುಳಿತು ನಾಟಕೋತ್ಸವವನ್ನು ನೋಡುವ ರಸಿಕನ ಕಣ್ಣು ಒಮ್ಮೆ ನಟನ ಮುಖಕ್ಕೂ ಒಮ್ಮೆ ಮೇಳದವರ ಕೈಗಳಿಗೂ ತಾನಾಗಿಯೇ ಹರಿಯುವುದಷ್ಟೆ. ಅದೇ ನಾಟಕವನ್ನು ಮನೆಯಲ್ಲಿ ನೇರಪ್ರಸಾರದಲ್ಲಿ ಕಾಣುವವನಿಗಾದರೋ, ದೃಷ್ಟಿಯು ಎತ್ತ ಹೊರಳಬೇಕೆಂಬುದನ್ನು ಅನ್ಯನೊಬ್ಬನು ನಿರ್ಣಯಿಸುತ್ತಾನೆ. ನಾಲ್ಕಾರು ಕ್ಯಾಮೆರಾಗಳ ಚಿತ್ರಗಳನ್ನು ಏಕಕಾಲಕ್ಕೆ ಅವಲೋಕಿಸುತ್ತ, ಯಾವುದು ತೆರೆಗೆ ಬರಬೇಕೆಂದು ಕ್ಷಣಾರ್ಧದಲ್ಲಿ ಆಜ್ಞಾಪಿಸುವ ಆ ನಿರ್ದೇಶಕನಿಗೆ ಮರುಚಿತ್ರಣವೆಂಬ ಸೌಭಾಗ್ಯವಿಲ್ಲ.

ಕಿರುತೆರೆಗೆ ಮೀಸಲಾದ ಅಮೆರಿಕದ ಎಮ್ಮಿ ಪ್ರಶಸ್ತಿಗಳಲ್ಲಿ, ನೇರಪ್ರಸಾರಗಳೂ ಸೇರಿದಂತೆ ವಿಶೇಷ ಕಾರ್ಯಕ್ರಮಗಳ ನಿರ್ದೇಶನಕ್ಕೆ ಪ್ರತ್ಯೇಕ ಮನ್ನಣೆಯುಂಟು. ಆಸ್ಕರ್ ಸಮಾರಂಭದ ನಿರ್ದೇಶನಕ್ಕಾಗಿ 2018ರಲ್ಲಿ ಅದನ್ನು ಪಡೆದ ಗ್ಲೆನ್ ವೈಸ್ ಎಂಬವರು ವೇದಿಕೆಯ ಮೇಲೆಯೇ ತಮ್ಮ ಪ್ರಿಯತಮೆಗೆ ವಿವಾಹಪ್ರಸ್ತಾಪವನ್ನು ಮಾಡಿದರು. ಪರರ ಕಣ್ಣೀರನ್ನು ತೋರಿಸುವುದೇ ವೃತ್ತಿಯಾದವರು ತಾವೇ ಚಿತ್ರವಾದ ವಿನೋದವಿದು!

ನಮ್ಮಲ್ಲಿ ಮೈಸೂರಿನ ಜಂಬೂಸವಾರಿಯನ್ನು ದೂರದರ್ಶನವು ವರ್ಷವರ್ಷವೂ ಮನೆಮನೆಗೆ ತರುತ್ತಿರುವುದಾದರೂ, ಅಂಬಾರಿ ಹೊತ್ತ ಆನೆಯ ಹೆಸರನ್ನು ಬಲ್ಲ ಮಕ್ಕಳಿಗೂ ಹಿರಿಯರಿಗೂ ಆ ದೃಶ್ಯಗಳನ್ನು ಪೋಣಿಸಿದವರ ಹೆಸರು ತಿಳಿಯದು. ಪ್ರಶಸ್ತಿ ನೀಡುವಾಗ ಧಾರಾವಾಹಿಯ ನಿರ್ದೇಶಕರೊಡನೆ ನೇರಪ್ರಸಾರದ ಈ ನಿರ್ದೇಶಕರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಅನುಚಿತ. ಬೇರೆಯೇ ಪ್ರಶಸ್ತಿಯೊಂದನ್ನು ಸ್ಥಾಪಿಸಿ, ತಿದ್ದಿದ ಪ್ರತಿಯನ್ನಲ್ಲ, ಪ್ರಸಾರವಾದ ಯಥಾರೂಪವನ್ನೇ, ಸಾಧ್ಯವಾದರೆ ನಿಯಂತ್ರಣ ಕೊಠಡಿಯ ಮಾತುಗಳ ಸಹಿತ, ತೀರ್ಪುಗಾರರ ಮುಂದಿಡಬೇಕು. ನಮ್ಮ ರಾಮಗಿರಿಯ ಕರಿಸಿದ್ದೇಶ್ವರಸ್ವಾಮಿಯ ತೇರನ್ನೇ ನೋಡಿರಿ: ಗಾಲಿಯು ಮೊದಲು ಕದಲುವ ಆ ನಿಮಿಷದಲ್ಲಿ ತೆರೆಯ ಮೇಲೆ ಕಳಶವಿರಬೇಕೋ, ಹಗ್ಗ ಹಿಡಿದ ಕೈಗಳಿರಬೇಕೋ?