ಮುಳುಗಿದ ಹಡಗೂ ನಮ್ಮ ಹರಿಗೋಲೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯವರಾದ ನಮಗೂ ಕಡಲಿಗೂ ಬಹು ದೂರ. ನಾವು ಕಂಡ ದೊಡ್ಡ ನೀರೆಂದರೆ ತುಂಗಭದ್ರೆಯ ಅಣೆಕಟ್ಟಿನ ಹಿನ್ನೀರು. ಏರಿದ ಹಡಗೆಂದರೆ ಆನೆಗೊಂದಿಯ ಹರಿಗೋಲು. ಹೀಗಿರಲು ಆಸ್ಟ್ರೇಲಿಯದ ತೀರದಲ್ಲಿ ಮುಳುಗಿದ ಹಳೆಯ ಸರಕಿನ ಹಡಗಿನ ಮಾತು ನಮಗೇತಕ್ಕೆಂದು ಸಹಪಾಠಿಗಳು ಕೇಳಬಹುದು. ಅದು ನಮಗೆ ಬೇಕಾದ ಮಾತೇ ಎಂಬುದು ನನ್ನ ಅಭಿಪ್ರಾಯ.

ಆ ಉಗಿಹಡಗಿನ ಹೆಸರು ಕ್ಸಾಂಥೊ. 1848ರಲ್ಲಿ ಸ್ಕಾಟ್ಲೆಂಡಿನ ಡಂಬಾರ್ಟನ್ನಿನಲ್ಲಿ ಅದನ್ನು ಕಬ್ಬಿಣದಿಂದ ಕಟ್ಟಿದರು. ಆಗ ಅದು ಪಕ್ಕದ ಚಕ್ರಗಳ ಬಲದಿಂದ ಓಡುತ್ತಿದ್ದಿತು. ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ದುಡಿದು ಸವೆದ ಮೇಲೆ, 1871ರಲ್ಲಿ, ಗುಜರಿ ಕಬ್ಬಿಣದ ವ್ಯಾಪಾರಿಯೊಬ್ಬನು ಚಕ್ರಗಳನ್ನು ತೆಗೆದು, ಯುದ್ಧದ ತೋಪುದೋಣಿಗೆಂದು ಮಾಡಿದ್ದ ಹಳೆಯ ಯಂತ್ರವನ್ನು ಕೂಡಿಸಿ ಮಾರಿದನು. ಕೊಂಡವನು ಚಾರ್ಲ್ಸ್ ಬ್ರಾಡ್‌ಹರ್ಸ್ಟ್. ಪಶ್ಚಿಮ ಆಸ್ಟ್ರೇಲಿಯದ ಕರಾವಳಿಯಲ್ಲಿ ಅದು ಮುತ್ತಿನ ಚಿಪ್ಪನ್ನು ಹೊತ್ತಿತು. ಬಟಾವಿಯದಿಂದ ದುಡಿಮೆಗೆಂದು ತಂದ ಮಲಯ ಹುಡುಗರನ್ನೂ ಹೊತ್ತಿತು. 1872ರ ನವೆಂಬರಿನಲ್ಲಿ ಸೀಸದ ಅದಿರನ್ನು ತುಂಬಿಕೊಂಡು ಹೊರಟಾಗ ನೀರು ನುಗ್ಗಿ, ಪೋರ್ಟ್ ಗ್ರೆಗರಿಯಲ್ಲಿ ಮುಳುಗಿಹೋಯಿತು.

ನೂರು ವರ್ಷಗಳ ಮೇಲೆ, 1979ರಲ್ಲಿ, ಮುಳುಗುಗಾರರು ಅದನ್ನು ಕಂಡರು. 1985ರಲ್ಲಿ ಅಲ್ಲಿಯ ವಸ್ತುಸಂಗ್ರಹಾಲಯದವರು ಯಂತ್ರವನ್ನು ಮೇಲೆತ್ತಿದರು. ಉಪ್ಪು ಹೀರಿದ ಕಬ್ಬಿಣವು ಗಾಳಿಗೆ ಬಂದರೆ ಬಿರಿದು ಪುಡಿಯಾಗುವುದಷ್ಟೆ. ಆದುದರಿಂದ ಅದನ್ನು ವರ್ಷಗಟ್ಟಲೆ ರಾಸಾಯನಿಕ ದ್ರಾವಣದಲ್ಲಿ ನೆನೆಯಿಟ್ಟು ಉಪ್ಪನ್ನು ಬಿಡಿಸಿದರು. ಕಲ್ಲಾಗಿ ಅಂಟಿದ ಹೊಟ್ಟನ್ನು ತಾಳ್ಮೆಯಿಂದ ಕೆತ್ತಿ ತೆಗೆದರು. ಇಪ್ಪತ್ತು ವರ್ಷಗಳ ದುಡಿಮೆಯ ತರುವಾಯ ಆ ಯಂತ್ರವು ಮನುಷ್ಯನ ಕೈಯಿಂದಲೇ ತಿರುಗುವಂತಾಯಿತು. ಇಂದು ಅದು ಫ್ರೀಮ್ಯಾಂಟಲ್ ಪಟ್ಟಣದಲ್ಲಿದೆ.

ವಿಚಾರ ಮಾಡಿ ನೋಡಿರಿ. ಅದು ಗೆದ್ದ ಯುದ್ಧನೌಕೆಯಲ್ಲ, ರಾಜರ ವಿಹಾರನೌಕೆಯೂ ಅಲ್ಲ. ಸೋತು ಮುಳುಗಿದ ಕೂಲಿ ಹಡಗು. ಆದರೂ ಅಲ್ಲಿಯ ಜನ ಅದನ್ನು ಕಸವೆಂದು ಬಿಡಲಿಲ್ಲ.

ನಮ್ಮಲ್ಲಿಯೂ ಕಾಪಾಡಿದ ವಸ್ತುಗಳಿಲ್ಲವೆಂದಲ್ಲ. ಗವಿಮಠದ ಅಶೋಕನ ಶಾಸನವಿದೆ. 1112ರ ಇಟಗಿಯ ಮಹಾದೇವ ದೇವಾಲಯವಿದೆ. ಅವು ನಮ್ಮ ಹೆಮ್ಮೆಯೇ ಸರಿ. ಆದರೆ ಅವು ಚಕ್ರವರ್ತಿಯ, ದಂಡನಾಯಕನ ನೆನಪುಗಳು. ದುಡಿದವನ ನೆನಪು ಎಲ್ಲಿದೆ? ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಆನೆಗೊಂದಿಯ ಕಡೆಗೆ ದಾಟುವ ಬುಟ್ಟಿಯಂತಹ ದೋಣಿಗಳನ್ನು ವರ್ಣಿಸಿದ್ದಾನೆ: ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ, ತಿರುತಿರುಗಿ ಸಾಗುವ ನಡೆ. ಆ ತೊಗಲಿನ ಸ್ಥಾನಕ್ಕೆ ಈಗ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ನಾಳೆ ಹೆಣೆಯುವ ಕೈಗಳೂ ಇಲ್ಲವಾದರೆ?

ಕುಡಿಯುವ ನೀರಿಗೇ ಪರದಾಡುವ ಸೀಮೆಯಲ್ಲಿ ಇಂತಹ ವಿಲಾಸವೇಕೆಂದು ಕೆಲವರು ಅನ್ನಬಹುದು. ಆ ಮಾತಿನಲ್ಲಿ ನ್ಯಾಯವುಂಟು. ಆದರೆ ನಾನು ಕೇಳುತ್ತಿರುವುದು ಲಕ್ಷಾಂತರ ರೂಪಾಯಿಗಳನ್ನಲ್ಲ. ಹಳೆಯದೊಂದು ಹರಿಗೋಲನ್ನು ಕಾಲೇಜಿನಲ್ಲಿ ಇಡೋಣ. ಈ ರಜೆಯಲ್ಲಿ ನದೀತೀರದ ಹಿರಿಯರ ಬಳಿ ಕುಳಿತು, ಹೆಣೆಯುವ ಬಗೆಯನ್ನೂ ಭಾಗಗಳ ಹೆಸರುಗಳನ್ನೂ ಬರೆದುಕೊಳ್ಳೋಣ. ಇದಕ್ಕೆ ಬೇಕಾದುದು ಒಂದು ನೋಟುಬುಕ್ಕು, ಮತ್ತು ದುಡಿಯುವವರ ವಿದ್ಯೆಯೂ ವಿದ್ಯೆಯೇ ಎಂಬ ಗೌರವ. ಕ್ಸಾಂಥೊ ನೀರಿನಡಿಯಲ್ಲಿ ನೂರು ವರ್ಷ ಕಾದಿತು. ನಮ್ಮ ಬಿದಿರು ಅಷ್ಟು ಕಾಲ ಕಾಯಲಾರದು.