ಹೊಗೆಸೊಪ್ಪು ಮುರಿಯುವ ಕೈಗೆ ಗವಸೆಲ್ಲಿ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ವರ್ಜೀನಿಯಾ ಹೊಗೆಸೊಪ್ಪು ಹಡಗೇರಿ ಪರದೇಶಕ್ಕೆ ಹೋಗುತ್ತದೆ. ಹರಾಜು ಕಟ್ಟೆಯಲ್ಲಿ ಪ್ರತಿಯೊಂದು ಬೇಲಿಗೂ ತೂಕವುಂಟು, ದರ್ಜೆಯುಂಟು, ಲೆಕ್ಕವುಂಟು. ಆ ಎಲೆ ಮುರಿದ ಕೈಗೆ ಮಾತ್ರ ಯಾವ ಲೆಕ್ಕವೂ ಇಲ್ಲ.

ಮಳೆಗಾಲದ ಬೆಳಗಿನಲ್ಲಿ ತೊಯ್ದ ಎಲೆಯನ್ನು ಮುರಿದು ಕಂಕುಳಿಗೆ ಸೇರಿಸುವ ಹೆಣ್ಣಾಳಿಗೆ ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ. ಮನೆಯವರು ಪಿತ್ತವೆನ್ನುತ್ತಾರೆ, ಬಿಸಿಲೆನ್ನುತ್ತಾರೆ. ಅದು ಪಿತ್ತವಲ್ಲ, ನಿಕೋಟಿನ್ ವಿಷ. ಎಲೆಯ ನಿಕೋಟಿನ್ ಮಳೆನೀರು, ಇಬ್ಬನಿ, ಬೆವರುಗಳಲ್ಲಿ ಕರಗಿ ಚರ್ಮದ ಮೂಲಕ ರಕ್ತಕ್ಕೆ ಸೇರುತ್ತದೆ. ಜನ್ಮದಲ್ಲಿ ಒಂದು ಬೀಡಿ ಸೇದದವಳ ಮೈಗೂ ಹೀಗೆ ಹೊಗೆಸೊಪ್ಪು ಹೊಗುತ್ತದೆ. ವೈದ್ಯರು ಇದನ್ನು ಹಸಿ ತಂಬಾಕಿನ ಕಾಯಿಲೆ ಎನ್ನುತ್ತಾರೆ.

ಮದ್ದು ದುಬಾರಿಯದಲ್ಲ. ಗುಜರಾತಿನ ತಂಬಾಕು ಕೂಲಿಗಾರರಿಗೆ ರಬ್ಬರಿನ ಕೈಗವಸು ಕೊಟ್ಟು ನೋಡಿದ ಪರೀಕ್ಷೆಯ ಫಲ 1987ರಲ್ಲೇ ಅಚ್ಚಾಗಿದೆ. ಮೈಗೆ ಸೇರುವ ವಿಷ ಅದರಿಂದ ಕಡಿಮೆಯಾಯಿತು. ಅಮೆರಿಕದ ಶಸ್ತ್ರವೈದ್ಯ ಹಾಲ್‌ಸ್ಟೆಡ್, ಔಷಧಿಯಿಂದ ಕೈ ಸುಟ್ಟುಕೊಂಡ ದಾದಿಗಾಗಿ ರಬ್ಬರಿನ ತೆಳು ಗವಸು ಮಾಡಿಸಿದ್ದು 1889-90ರ ಚಳಿಗಾಲದಲ್ಲಿ. ಆ ಗವಸು ಲೋಕದ ಆಸ್ಪತ್ರೆಗಳನ್ನೆಲ್ಲ ಮುಟ್ಟಿತು. ನಮ್ಮ ಹೊಲದ ಬದುವನ್ನು ಇನ್ನೂ ಸರಿಯಾಗಿ ಮುಟ್ಟಿಲ್ಲ.

ಆದರೆ ಯಾವುದೋ ಒಂದು ಗವಸು ಕೊಟ್ಟು ಕೈ ತೊಳೆದುಕೊಂಡರೆ ಸಾಲದು. ನೂಲಿನ ಗವಸು ನೀರು ಹೀರಿ ವಿಷವನ್ನು ಚರ್ಮಕ್ಕೇ ಒತ್ತಿ ಹಿಡಿಯುತ್ತದೆ. ನೀರಿಳಿಯದ ರಬ್ಬರ್ ಇಲ್ಲವೇ ನೈಟ್ರೈಲ್ ಬೇಕು. ಮುಂಗೈ ಮುಚ್ಚುವಷ್ಟು ಉದ್ದ ಬೇಕು. ಹೆಂಗಸರ ಕೈಗೆ ಹಿಡಿಸುವ ಅಳತೆ ಬೇಕು. ದೊಗಲೆ ಗವಸಿನಲ್ಲಿ ಎಲೆ ಮುರಿಯಲು ಹೊತ್ತಾಗುತ್ತದೆ, ಕೂಲಿ ಕಡಿಮೆಯಾಗುತ್ತದೆ. ಆಗ ಅವಳು ಅದನ್ನು ಬದುವಿನ ಮೇಲೆ ಬಿಸಾಡಿದರೆ ತಪ್ಪು ಅವಳದಲ್ಲ. ಗಿರಣಿಯ ಗೆಳೆಯರು ಇದನ್ನು ಬಲ್ಲರು. ಬಿಸಿಗೆ ಚರ್ಮದ ಗವಸು, ಆಸಿಡ್ಡಿಗೆ ರಬ್ಬರಿನದು. ತಿರುಗುವ ರೋಲರಿನ ಹತ್ತಿರ ಗವಸೇ ಯಮ, ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಕೆಲಸ ನೋಡಿ ಗವಸು.

ಖರ್ಚು ಯಾರದು? ಬ್ಯಾರನ್ ಇಟ್ಟ ಸಣ್ಣ ರೈತನೂ ಸಾಲದಲ್ಲಿ ಮುಳುಗಿದವನೇ; ಅವನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. 1976ರಲ್ಲಿ ಸ್ಥಾಪನೆಯಾದ ತಂಬಾಕು ಮಂಡಳಿ ಬೆಳೆಗಾರರನ್ನು ನೋಂದಾಯಿಸುತ್ತದೆ, ಗೊಬ್ಬರಕ್ಕೆ ಏರ್ಪಾಡು ಮಾಡುತ್ತದೆ, ಹರಾಜು ನಡೆಸುತ್ತದೆ. ಗಿಡಕ್ಕೆ ಗೊಬ್ಬರ ಒದಗಿಸಬಲ್ಲವರಿಗೆ ಗಿಡ ಮುಟ್ಟುವ ಕೈಗೆ ಗವಸು ಒದಗಿಸುವುದು ಭಾರವೇ? ಎಲೆ ಕೊಂಡು ಲಾಭ ಎಣಿಸುವ ಕಂಪನಿಗಳು ಅದರ ಹಣ ತೆರಲಿ.

ಆದ್ದರಿಂದ ನಾವು ಒತ್ತಾಯಿಸುತ್ತೇವೆ: ಎಲೆ ಮುರಿಯುವ ಮೊದಲೇ ಪ್ರತಿ ಕೂಲಿಗೂ ಗವಸು ಸಿಗಲಿ, ತೊಳೆಯಲು ನೀರು, ಸಾಬೂನು ಹೊಲದಲ್ಲೇ ಇರಲಿ, ಮಕ್ಕಳನ್ನು ಹಸಿ ಎಲೆಯಿಂದ ದೂರವಿಡಲಿ. ಪೇಟೆಯ ವರ್ತಕ ಬಂಧುಗಳು ಗೊಬ್ಬರದ ಮೂಟೆಯ ಪಕ್ಕದಲ್ಲಿ ಸಣ್ಣ ಅಳತೆಯ ಒಳ್ಳೆಯ ಗವಸನ್ನೂ ಇಡಲಿ. ಎಲೆಗೆ ಬೆಲೆ ಕಟ್ಟುವ ನಾಡು, ಎಲೆ ಮುರಿವ ಕೈಗೂ ಬೆಲೆ ಕಟ್ಟುವುದನ್ನು ಕಲಿಯಬೇಕು.