ಸೆರೆ ಸಿಕ್ಕವನ ಸರದಿ

ಶಿರಸಿ ತಾಲ್ಲೂಕಿನ ವಾನಳ್ಳಿಯ ಸುತ್ತಮುತ್ತ ಮಳೆ ಹಿಡಿಯಿತೆಂದರೆ ಬಯಲಾಟದ ಗೆಜ್ಜೆಗಳು ಗಂಟು ಸೇರುತ್ತವೆ. ಆಗ ಮನೆಯ ಜಗಲಿಯೇ ರಂಗಸ್ಥಳ. ಭಾಗವತರ ಹಾಡು, ಮದ್ದಳೆಯ ಪೆಟ್ಟು, ಎದುರುಬದುರು ಕುಳಿತ ನಾಲ್ಕಾರು ಅರ್ಥಧಾರಿಗಳು, ನಡುವೆ ಕವಳದ ತಟ್ಟೆ. ತಾಳಮದ್ದಳೆಗೆ ಇಷ್ಟು ಸಾಕು. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಹಗಲು ಅಡಿಕೆ ತೋಟಕ್ಕೆ ಮೈಲುತುತ್ತು-ಸುಣ್ಣದ ದ್ರಾವಣ ಹೊಡೆಸಿದವರೇ ರಾತ್ರಿ ರಾವಣನಾಗಿ ಗುಡುಗುತ್ತಾರೆ.

ಈ ಜಗಲಿಯ ಆಟಕ್ಕೆ ದೂರದ ದಾಯಾದಿಯೊಂದು ಅಮೆರಿಕದಲ್ಲಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿ, 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಅದರ ಹೆಸರು. ಅಲ್ಲಿಯೂ ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಸೂತ್ರಧಾರ, ಉಳಿದವರು ತಲಾ ಒಂದೊಂದು ಪಾತ್ರ. ಒಬ್ಬ ಖಡ್ಗವೀರನಾದರೆ ಇನ್ನೊಬ್ಬ ಮಂತ್ರವಾದಿ. ಮಾತೆಲ್ಲ ಆ ಕ್ಷಣದ್ದೇ. ಮುಖ್ಯ ವ್ಯತ್ಯಾಸ ಒಂದೇ: ತಾಳಮದ್ದಳೆಯಲ್ಲಿ ಗೆಲ್ಲುವವರು ಯಾರೆಂದು ಪ್ರಸಂಗ ಮೊದಲೇ ಹೇಳಿರುತ್ತದೆ, ಅಲ್ಲಿ ಅದನ್ನು ದಾಳ ಹೇಳುತ್ತದೆ.

ಈ ಮೇಜಿನ ಆಟದಲ್ಲಿ ಸೂತ್ರಧಾರರನ್ನು ಬಹುಕಾಲದಿಂದ ಕಾಡುವ ಒಂದು ತೊಡಕಿದೆ. ಆಟಗಾರರು ಶರಣಾಗುವುದೇ ಇಲ್ಲ! ನೂರು ಸೈನಿಕರು ಸುತ್ತುವರಿದು “ಆಯುಧ ಕೆಳಗಿಡಿ” ಎಂದರೂ ಕತ್ತಿ ಎತ್ತಿ ಸಾಯುತ್ತಾರೆಯೇ ಹೊರತು ಕೈ ಎತ್ತುವುದಿಲ್ಲ.

ಲೆಕ್ಕ ಹಾಕಿ ನೋಡಿ. ಆ ಆಟದ ಮುಖ್ಯ ದಾಳಕ್ಕೆ 20 ಮುಖ. ಒಂದು ಎಸೆತದಲ್ಲಿ 20 ಬೀಳುವ ಸಾಧ್ಯತೆ ನೂರಕ್ಕೆ 5. ಸಾಲಾಗಿ ಎರಡು ಸಲ ಬೀಳುವುದು 400ರಲ್ಲಿ ಒಮ್ಮೆ. ಇಷ್ಟು ಕಡಿಮೆ ಆಸೆಯಿದ್ದರೂ ಆಟಗಾರ ಹೋರಾಡುತ್ತಾನೆ. ಏಕೆ? ಸಾವಿನ ಭಯ ಇಲ್ಲಿ ಕಾರಣವಲ್ಲ. ಸತ್ತರೆ ಇನ್ನೊಂದು ಹಾಳೆಯಲ್ಲಿ ಹೊಸ ಪಾತ್ರ ಬರೆದುಕೊಳ್ಳಬಹುದು. ಹೋರಾಡುವಷ್ಟು ಹೊತ್ತು ದಾಳ ತನ್ನ ಕೈಯಲ್ಲಿರುತ್ತದೆ. ಶರಣಾದ ಗಳಿಗೆಯಿಂದ ಅದು ಇನ್ನೊಬ್ಬನ ಕೈಗೆ ಹೋಗುತ್ತದೆ. ಉಳಿದವರು ಆಡುವಾಗ ತಾನು ಬಾಯಿ ಮುಚ್ಚಿ ಕೂರಬೇಕಾದೀತೆಂಬುದೇ ಅವನ ಅಂಜಿಕೆ.

ಇದನ್ನು ಆಟ ಬರೆದವರೂ ಬಲ್ಲರು. 1981ರಲ್ಲಿ ಬಂದ ‘ಇನ್ ದ ಡಂಜನ್ಸ್ ಆಫ್ ದ ಸ್ಲೇವ್ ಲಾರ್ಡ್ಸ್’ ಎಂಬ ಕಥಾಭಾಗ ಆರಂಭವಾಗುವುದೇ ಸೆರೆಯಲ್ಲಿ. ವೀರರ ಕೈಯಲ್ಲಿ ಆಯುಧವಿಲ್ಲ, ಕವಚವಿಲ್ಲ. ಕತ್ತಲ ಗುಹೆಯಿಂದ ಬುದ್ಧಿ ಉಪಯೋಗಿಸಿಯೇ ಹೊರಬರಬೇಕು. ಸೆರೆ ಅಲ್ಲಿ ಆಟದ ಕೊನೆಯಲ್ಲ, ಮೊದಲ ಪುಟ. 2014ರ ಐದನೇ ಆವೃತ್ತಿಯ ನಿಯಮವೂ ಗಮನಾರ್ಹ: ಕೈಗೆ ಕೈ ಹತ್ತಿ ನಡೆದ ಕಾದಾಟದಲ್ಲಿ ಎದುರಾಳಿಯನ್ನು ಕೆಡವಿದವನು, ಬೇಕಾದರೆ ಕೊಲ್ಲದೆ ಮೂರ್ಛೆ ತಪ್ಪಿಸಿ ಬಿಡಬಹುದು.

ನಮ್ಮ ಕಬಡ್ಡಿ ಇದೇ ಗಂಟನ್ನು ಬೇರೆ ರೀತಿ ಬಿಡಿಸಿತು. ಸಿಕ್ಕಿಬಿದ್ದವನು ಹೊರಗೆ ಕೂರುತ್ತಾನೆ, ನಿಜ. ಆದರೆ ತನ್ನ ಕಡೆಯವರು ಎದುರು ಬಣದ ಒಬ್ಬನನ್ನು ಔಟ್ ಮಾಡಿದರೆ ಹೊರಗಿದ್ದವರಲ್ಲಿ ಒಬ್ಬನಿಗೆ ಮರುಜೀವ. ಮತ್ತೆ ಸರದಿ ಬರುವ ಭರವಸೆಯಿರುವುದರಿಂದ ಹುಡುಗರು ಹಿಡಿತಕ್ಕೆ ಸಿಕ್ಕಾಗ ಮಣ್ಣು ಕೊಡವಿ, ಗೊಣಗದೆ ಗೆರೆಯಾಚೆ ಹೋಗಿ ಕೂರುತ್ತಾರೆ.

ಇನ್ನು ಜಗಲಿಗೆ ಮರಳೋಣ. ಸೆರೆ ಸಿಗುವುದರಲ್ಲಿ ಹನುಮಂತನನ್ನು ಮೀರಿಸಿದವರಿಲ್ಲ. ಇಂದ್ರಜಿತುವಿನ ಬ್ರಹ್ಮಾಸ್ತ್ರಕ್ಕೆ ಅವನು ತಲೆಬಾಗುತ್ತಾನೆ. ಅವಿವೇಕಿ ರಾಕ್ಷಸರು ಮೇಲೆ ಹಗ್ಗವನ್ನೂ ಬಿಗಿಯುತ್ತಾರೆ. ಬ್ರಹ್ಮಾಸ್ತ್ರ ಬೇರೆ ಕಟ್ಟನ್ನು ಸಹಿಸದು, ಸಡಿಲವಾಯಿತು. ಅದು ತಿಳಿದೂ ಹನುಮಂತ ಬಿಡಿಸಿಕೊಳ್ಳಲಿಲ್ಲ. ರಾವಣನ ಸಭೆಗೆ ಹೋಗಲು ಅದಕ್ಕಿಂತ ಹತ್ತಿರದ ದಾರಿ ಇರಲಿಲ್ಲವಲ್ಲ! ಅರ್ಥಧಾರಿಗೆ ನಿಜವಾದ ಮಾತಿನ ಹಬ್ಬ ಆರಂಭವಾಗುವುದು ಕೈ ಕಟ್ಟಿಸಿಕೊಂಡ ಮೇಲೆಯೇ.

ವಾಲಿಯ ಪಾತ್ರವೂ ಹಾಗೆಯೇ. ಬಾಣ ನಾಟಿ ಬಿದ್ದ ಮೇಲೆ ಅವನು ರಾಮನನ್ನು ಕೇಳುವ ಪ್ರಶ್ನೆಗಳಿಗೆ ಉತ್ತರಿಸಲು ಎದುರಿನ ಅರ್ಥಧಾರಿ ಬೆವರಬೇಕಾಗುತ್ತದೆ. ಆದರೂ ಕೊನೆಗೆ ವಾಲಿ ಒಪ್ಪಲೇಬೇಕು. ಎಲ್ಲಿ ಒಪ್ಪಬೇಕೆಂದು ತಿಳಿದವನೇ ಒಳ್ಳೆಯ ಅರ್ಥಧಾರಿ. ‘ಸೋತರೆ ನನ್ನ ಮಾನ ಹೋಯಿತು’ ಎಂದು ಹಟ ಹಿಡಿದರೆ ಭಾಗವತರು ಮುಂದಿನ ಪದ್ಯ ಎತ್ತಲಾಗದು, ಕಥೆ ಮುಂದೆ ಹೋಗದು. ಗೆಲ್ಲುವ ಪಾತ್ರದವನಿಗೂ ಒಂದು ಕರ್ತವ್ಯವಿದೆ: ಸೋಲುವವನ ಮಾತಿಗೆ ಜಾಗ ಬಿಡಬೇಕು. ಬಿಡದಿದ್ದರೆ ಸೋಲುವ ಪಾತ್ರಕ್ಕೆ ಮುಂದಿನ ಸಲ ಯಾರೂ ಕೂರರು.

ಹಾಗೆಂದು ಬಿಡುಗಡೆ ಎಂಬುದೆಲ್ಲ ಸಿಹಿಯಲ್ಲ. ಘೋಷಯಾತ್ರೆಯಲ್ಲಿ ಗಂಧರ್ವ ಚಿತ್ರಸೇನನಿಗೆ ಸೆರೆಸಿಕ್ಕ ಕೌರವನನ್ನು ಬಿಡಿಸಿದವರು ಪಾಂಡವರೇ. ಅವನಿಗೆ ಸೆರೆಗಿಂತ ಆ ಉಪಕಾರವೇ ಚುಚ್ಚಿತು. ಉಪವಾಸದಿಂದ ಸಾಯಲು ಹೊರಟ. ಕಟ್ಟು ಬಿಚ್ಚಿದರೆ ಸಾಲದು, ಬಿಚ್ಚಿಸಿಕೊಂಡವನು ತಲೆಯೆತ್ತಿ ನಡೆಯುವಂತಿರಬೇಕು ಎಂಬುದು ಅಲ್ಲಿನ ಪಾಠ.

ಆಟದ ಈ ಮಾತು ಆಟಕ್ಕಷ್ಟೇ ನಿಲ್ಲುವುದಿಲ್ಲ. ಅಣ್ಣತಮ್ಮಂದಿರ ತೋಟದ ಹಿಸ್ಸೆ ಜಗಳ ನಾಲ್ಕು ಮರದ ಸಾಲಿಗಾಗಿ ವರ್ಷಗಟ್ಟಲೆ ಕೋರ್ಟಿನಲ್ಲಿ ಕೊಳೆಯುವುದುಂಟು. ಆ ಮರಗಳ ಫಸಲಿಗಿಂತ ವಕೀಲರ ಶುಲ್ಕ ಹೆಚ್ಚೆಂದು ಇಬ್ಬರಿಗೂ ಗೊತ್ತು. ಆದರೂ ಒಬ್ಬನೂ ಬಿಟ್ಟುಕೊಡಲಾರ. ಬಿಟ್ಟುಕೊಟ್ಟರೆ ಮನೆಯಲ್ಲಿ ತನ್ನ ಮಾತು ನಡೆಯದು, ಮತ್ತೆಂದೂ ತನ್ನ ಸರದಿ ಬಾರದು ಎಂಬ ಭಯ. ಇಂಥವರಿಗೆ ‘ಸೋಲೊಪ್ಪಿಕೋ’ ಎಂದು ಉಪದೇಶಿಸಿ ಪ್ರಯೋಜನವಿಲ್ಲ. ‘ಒಪ್ಪಿದ ಮೇಲೂ ನಿನ್ನ ಮಾತು ಕೇಳುತ್ತೇವೆ’ ಎಂಬ ನಂಬಿಕೆ ಹುಟ್ಟಿಸಿದರೆ ಅರ್ಧ ಜಗಳ ಜಗಲಿಯಲ್ಲೇ ಮುಗಿದೀತು.

ವಾಲಿಯಾದವರೂ ರಾಮನಾದವರೂ ಬೆಳಗಿನ ಜಾವ ಒಂದೇ ತಟ್ಟೆಯ ಕವಳ ಹಾಕಿ, ಒಂದೇ ಬ್ಯಾಟರಿಯ ಬೆಳಕಿನಲ್ಲಿ ಮನೆಗೆ ಹೋಗುತ್ತಾರೆ. ಸೋತವನಿಗೆ ನಾಳೆಯೂ ಪಾತ್ರವಿದೆ ಎಂದು ಇಬ್ಬರಿಗೂ ಗೊತ್ತು.